ಕೆನಡಾದಲ್ಲಿ ಗಾಂಜಾ ಗಿಡದ ಮನೆ ಬೇಸಾಯ

ಕೆನಡಾದಲ್ಲಿ ವಯಸ್ಕರು ಸ್ವಂತ ಬಳಕೆಗಾಗಿ ಮನೆಯೊಳಗೆ ಅಥವಾ ಹಿತ್ತಲಿನಲ್ಲಿ ಗಾಂಜಾ ಗಿಡ (ಕ್ಯಾನಬಿಸ್ ಸಟೈವಾ) ಬೆಳೆಸಲು 2018ರ ಅಕ್ಟೋಬರ್ 17ರಂದು ಜಾರಿಗೆ ಬಂದ ಕ್ಯಾನಬಿಸ್ ಕಾಯಿದೆಯು ಅವಕಾಶ ನೀಡಿತು.

ಕಾನೂನು
ಒಂದು ಮನೆಗೆ ಗರಿಷ್ಠ 4 ಗಿಡಗಳ ಮಿತಿಯಿದೆ. ಮನೆಯಲ್ಲಿ ಎಷ್ಟು ವಯಸ್ಕರಿದ್ದರೂ ಈ ಮಿತಿ ಹೆಚ್ಚುವುದಿಲ್ಲ. ಪ್ರಾಂತ್ಯಗಳು ಇನ್ನೂ ಬಿಗಿಯಾದ ನಿಯಮಗಳನ್ನು ಮಾಡಬಹುದು. ಕ್ವಿಬೆಕ್ ಪ್ರಾಂತ್ಯವು ಮನೆ ಬೇಸಾಯವನ್ನು ನಿಷೇಧಿಸಿದ್ದು, ಕೆನಡಾದ ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಆ ನಿಷೇಧವನ್ನು ಎತ್ತಿಹಿಡಿಯಿತು.

ಬಯಲಿನಲ್ಲಿ ಬೆಳವಣಿಗೆ
ಇದು ಏಕವಾರ್ಷಿಕ ಸಸ್ಯ. ಗಂಡು ಮತ್ತು ಹೆಣ್ಣು ಹೂಗಳು ಸಾಮಾನ್ಯವಾಗಿ ಬೇರೆ ಬೇರೆ ಗಿಡಗಳಲ್ಲಿ ಬಿಡುತ್ತವೆ. ಪರಾಗಸ್ಪರ್ಶವು ಗಾಳಿಯಿಂದ ನಡೆಯುತ್ತದೆ. ಹೆಚ್ಚಿನ ತಳಿಗಳು ಹಗಲಿನ ಅವಧಿ ಕಡಿಮೆಯಾದಾಗ ಹೂ ಬಿಡುವುದರಿಂದ, ಹಿತ್ತಲಿನ ಗಿಡಗಳು ಬೇಸಿಗೆಯ ಕೊನೆಯಲ್ಲಿ ಹೂವಾಗುತ್ತವೆ. ಹೂಗೊಂಚಲು ಬಲಿಯುವ ವೇಳೆಗೆ ಶರತ್ಕಾಲದ ಚಳಿ ಮತ್ತು ತೇವ ಆರಂಭವಾಗಿರುತ್ತದೆ. ಆಗ ಬೂಷ್ಟು ರೋಗ ತಗಲಿ ಅಥವಾ ಹಿಮ ಬಿದ್ದು ಬೆಳೆ ಹಾಳಾಗುವ ಸಂಭವವಿದೆ.

ಭಾರತದ ಕಾನೂನಿನೊಂದಿಗೆ ಹೋಲಿಕೆ
ಕರ್ನಾಟಕವೂ ಸೇರಿದಂತೆ ಭಾರತದಲ್ಲಿ ಅನುಮತಿಯಿಲ್ಲದೆ ಗಾಂಜಾ ಗಿಡ ಬೆಳೆಸುವುದು ಅಪರಾಧ. 1985ರ ಮಾದಕ ದ್ರವ್ಯಗಳು ಮತ್ತು ಮನೋಪರಿಣಾಮಕಾರಿ ವಸ್ತುಗಳ ಕಾಯಿದೆಯ (ಎನ್‌ಡಿಪಿಎಸ್) 20ನೇ ಸೆಕ್ಷನ್ ಇದಕ್ಕೆ 10 ವರ್ಷಗಳವರೆಗೆ ಕಠಿಣ ಸೆರೆವಾಸ ಹಾಗೂ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ.