ಓದು ತೊಡಕಾದ ಮಕ್ಕಳು: ಕಲಿಕಾ ನ್ಯೂನತೆಯ ಅಧ್ಯಯನ ನಡೆದುಬಂದ ದಾರಿ

ಬುದ್ಧಿ ಚುರುಕಾಗಿದ್ದು, ಕಣ್ಣು ಕಿವಿ ಸರಿಯಿದ್ದು, ತಪ್ಪದೆ ಶಾಲೆಗೆ ಬಂದರೂ ಓದು, ಬರಹ ಇಲ್ಲವೇ ಲೆಕ್ಕದಲ್ಲಿ ಮಗು ತೀರ ಹಿಂದೆ ಬೀಳುವ ಸ್ಥಿತಿಯನ್ನು ನಿರ್ದಿಷ್ಟ ಕಲಿಕಾ ನ್ಯೂನತೆ ಎನ್ನುತ್ತಾರೆ. ಓದಿನ ತೊಡಕಾದ ಡಿಸ್ಲೆಕ್ಸಿಯಾ ಇದರಲ್ಲಿ ಹೆಚ್ಚಾಗಿ ಕಾಣುವ ಬಗೆ. ಮಾತಿನ ಧ್ವನಿಗಳನ್ನು ಮಿದುಳು ಬಿಡಿಸಿ ಹಿಡಿಯುವ ರೀತಿಯಲ್ಲಿ ಅದರ ಬೇರು ಇದೆಯೇ ಹೊರತು ಸೋಮಾರಿತನದಲ್ಲಲ್ಲ.

ಇದನ್ನು ಮೊದಲು ಗುರುತಿಸಿದವರು ವೈದ್ಯರು. 1896ರಲ್ಲಿ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್, ಜಾಣನಾಗಿದ್ದೂ ಓದಲಾರದ 14 ವರ್ಷದ ಹುಡುಗನೊಬ್ಬನ ಬಗ್ಗೆ ಬರೆದರು. 1920ರ ದಶಕದಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಆರ್ಟನ್ ಇಂಥ ಮಕ್ಕಳಿಗೆ ಕಲಿಸುವ ದಾರಿ ಹುಡುಕಿದರು. ಅಕ್ಷರವನ್ನು ನೋಡಿ, ಉಚ್ಚರಿಸಿ, ಬೆರಳಿನಿಂದ ತಿದ್ದುವ ಕ್ರಮ ಅಲ್ಲಿಂದ ಬೆಳೆಯಿತು. 1963ರಲ್ಲಿ ಸ್ಯಾಮ್ಯುಯೆಲ್ ಕರ್ಕ್ ಈ ತೊಡಕುಗಳನ್ನೆಲ್ಲ ಕಲಿಕಾ ನ್ಯೂನತೆ ಎಂಬ ಒಂದೇ ಹೆಸರಿನಡಿ ತಂದರು.

ಈ ತಿಳಿವಳಿಕೆಯ ಬಹುಪಾಲು ಇಂಗ್ಲಿಷ್ ಓದುವ ಮಕ್ಕಳಿಂದ ಬಂದದ್ದು. ಕನ್ನಡದ ಲೆಕ್ಕವೇ ಬೇರೆ. ಇಲ್ಲಿ ಬರೆದಂತೆ ಓದಬಹುದು, ಆದರೆ ಕಲಿಯಬೇಕಾದ ರೂಪಗಳು ಹೆಚ್ಚು: ವರ್ಣಮಾಲೆಗೆ ಕಾಗುಣಿತ, ಒತ್ತಕ್ಷರ ಸೇರಿದರೆ ನೂರಾರು. ಕನ್ನಡ ಓದಿನ ಕಲಿಕೆಯನ್ನು ಅಳೆಯುವ ಕೆಲಸ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ 1990ರ ದಶಕದಲ್ಲೇ ನಡೆಯಿತು. ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಾಲ್ಕನೇ ತರಗತಿಗೆ ಬಂದರೂ ಮಕ್ಕಳ ಅಕ್ಷರ ಕಲಿಕೆ ಮುಗಿದಿರುವುದಿಲ್ಲ. ಹಾಗಾಗಿ ಎರಡನೇ ತರಗತಿಯ ಮಗು ಒತ್ತು ತಪ್ಪಿದ ಮಾತ್ರಕ್ಕೆ ನ್ಯೂನತೆ ಎನ್ನಲಾಗದು. ಆಡುಮಾತಿನಲ್ಲಿ ಮಹಾಪ್ರಾಣ ಸ್ಪಷ್ಟವಾಗಿ ಕೇಳಿಸದ ಕಡೆ ‘ಧನ’ವನ್ನು ‘ದನ’ ಎಂದು ಬರೆಯುವುದೂ ಲಕ್ಷಣವಲ್ಲ. ಒಂದೊಂದೇ ಅಕ್ಷರ ಕೂಡಿಸುತ್ತ ಬಹಳ ನಿಧಾನವಾಗಿ ಓದುವುದು, ಪದದ ಧ್ವನಿಗಳನ್ನು ಬಿಡಿಸಲಾರದಿರುವುದು, ವರ್ಷಗಟ್ಟಲೆ ಕಲಿಸಿದರೂ ಇದು ನೀಗದಿರುವುದು ಹೆಚ್ಚು ನಂಬಬಹುದಾದ ಗುರುತುಗಳು.

ಕಾನೂನು ತಡವಾಗಿ ಎಚ್ಚೆತ್ತಿತು. 1995ರ ಅಂಗವಿಕಲರ ಕಾಯ್ದೆಯ ಏಳು ಬಗೆಗಳಲ್ಲಿ ಕಲಿಕಾ ನ್ಯೂನತೆ ಇರಲಿಲ್ಲ. 2016ರ ಕಾಯ್ದೆ 21 ಬಗೆಗಳನ್ನು ಪಟ್ಟಿಮಾಡಿ ಇದನ್ನೂ ಸೇರಿಸಿತು. 2018ರ ಮಾರ್ಗಸೂಚಿಯು ಎಂಟು ವರ್ಷ ತುಂಬಿದ ಮೇಲಷ್ಟೇ ನ್ಯೂನತೆಯ ಪ್ರಮಾಣಪತ್ರ ಕೊಡಬೇಕೆಂದಿತು. ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾಮಾಲೆ ಬಳಕೆಯಲ್ಲಿದೆ.

ತುಂಗಭದ್ರೆಯ ಸೀಮೆಯ ವಿಜಯನಗರ, ಬಳ್ಳಾರಿ ಜಿಲ್ಲೆಗಳಲ್ಲಿ ನ್ಯೂನತೆಯನ್ನು ಗುರುತಿಸುವ ಪ್ರಶ್ನೆ ಇನ್ನಷ್ಟು ಸೂಕ್ಷ್ಮ. ಕಂಪ್ಲಿ ಕಡೆಯ ಹಲವು ಮನೆಗಳಲ್ಲಿ ತೆಲುಗು, ಸಂಡೂರಿನ ತಾಂಡಾಗಳಲ್ಲಿ ಲಂಬಾಣಿ, ಹೊಸಪೇಟೆಯ ಓಣಿಗಳಲ್ಲಿ ಉರ್ದು ಕೇಳುತ್ತದೆ. ದುಡಿಮೆಗೆ ಗುಳೆ ಹೋಗುವ ಕುಟುಂಬದ ಮಗುವಿಗೆ ತಿಂಗಳುಗಟ್ಟಲೆ ಪಾಠ ತಪ್ಪುತ್ತದೆ. ಶಾಲೆಯ ಭಾಷೆ ಹೊಸದಾದ ಮಗುವನ್ನೂ ಪಾಠ ತಪ್ಪಿದ ಮಗುವನ್ನೂ ನ್ಯೂನತೆಯುಳ್ಳವರೆಂದು ಬರೆದಿಡುವುದು ಅನ್ಯಾಯ. ನಿಜವಾದ ನ್ಯೂನತೆಯನ್ನು ‘ತೆಲುಗು ಮನೆಯ ಮಗು’ ಎಂದು ತಳ್ಳಿಹಾಕುವುದೂ ಅಷ್ಟೇ ಅನ್ಯಾಯ. ಮನೆಮಾತಿನಲ್ಲೇ ಪ್ರಾಸ ಹಿಡಿಯಲು, ಪದವನ್ನು ಒಡೆದು ಹೇಳಲು ಕೇಳಿದರೆ ವ್ಯತ್ಯಾಸದ ಸುಳಿವು ಸಿಗುತ್ತದೆ. ಅನುಮಾನ ಉಳಿದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದ ವಿಶೇಷ ಶಿಕ್ಷಕರಿಗೆ ತಿಳಿಸಬೇಕು.

ಕಲಿಸಲು ಪ್ರಮಾಣಪತ್ರಕ್ಕಾಗಿ ಕಾಯಬೇಕಿಲ್ಲ. ಕಾಗುಣಿತದ ಸಾಲನ್ನು ಒಮ್ಮೆಗೇ ಬಾಯಿಪಾಠ ಮಾಡಿಸುವ ಬದಲು ಎರಡು ಮೂರು ಸ್ವರಚಿಹ್ನೆಗಳನ್ನಷ್ಟೇ ತೆಗೆದುಕೊಂಡು, ಧ್ವನಿ ಕೇಳಿಸಿ, ಮರಳಿನ ಮೇಲೆ ತಿದ್ದಿಸಿ, ಗೊತ್ತಿರುವ ಪದಗಳಲ್ಲಿ ಓದಿಸುವುದು ಒಳ್ಳೆಯದು. ಒತ್ತಕ್ಷರಗಳಲ್ಲಿ ‘ಅಪ್ಪ’, ‘ಅಕ್ಕ’ದಂಥ ಸಜಾತಿಯವು ಮೊದಲು, ವಿಜಾತಿಯವು ಆಮೇಲೆ. ಮೊದಲು ಉಚ್ಚರಿಸುವ ‘ರ’ವನ್ನು ನಂತರ ಬರೆಯಬೇಕಾದ ಅರ್ಕಾವೊತ್ತು ಕೊನೆಗೆ ಬರಲಿ. ಇಡೀ ತರಗತಿಯ ಮುಂದೆ ಗಟ್ಟಿಯಾಗಿ ಓದಲು ಒತ್ತಾಯಿಸದೆ, ಪರಿಸರ ಅಧ್ಯಯನದಂಥ ವಿಷಯದ ಉತ್ತರವನ್ನು ಬಾಯಿಮಾತಿನಲ್ಲಿ ಕೇಳಿದರೆ ಮಗುವಿಗೆ ಗೊತ್ತಿರುವುದು ಹೊರಬರುತ್ತದೆ.