ಜೊತೆಗೆ ಉಂಡವರ ಪಟ್ಟಿ

ಕಳೆದ ತಿಂಗಳು ಗೆಳೆಯನೊಬ್ಬನಿಗೆ ಪ್ರಮೋಷನ್ ಆಯಿತು. ಎಲ್ಲರಿಗೂ ಸ್ಟೇಕ್ ತಿನ್ನಿಸುತ್ತೇನೆ ಎಂದ. ನಾವು ಆರು ಜನ, ಠಾಕುರ್ಲಿ ಸ್ಟೇಷನ್ನಿನ ಆಸುಪಾಸಿನಲ್ಲಿ ಬಾಡಿಗೆಗಿರುವ ಕನ್ನಡದವರು. ಕುಂದಾಪುರ, ಧಾರವಾಡ, ಬೀದರ್, ಕಾಸರಗೋಡು, ಹೀಗೆ ಒಬ್ಬೊಬ್ಬರದು ಒಂದೊಂದು ಊರು. ಹತ್ತಿರದಲ್ಲೆಲ್ಲೂ ಬೇಡ ಎಂದವಳು ಧಾರವಾಡದ ಗೆಳತಿ. ಅವಳ ಮನೆ ಮಾಲೀಕರು ಕರಾರಿನ ದಿನವೇ ಮೊಟ್ಟೆ ಕೂಡ ಒಳಗೆ ಬರಕೂಡದು ಎಂದಿದ್ದರಂತೆ. ಹಾಗಾಗಿ ಠಾಣೆಯಲ್ಲಿ ಗಾಡಿ ಬದಲಿಸಿ ವಾಶಿಗೆ ಹೋದೆವು.

ಕಾದ ಕಬ್ಬಿಣದ ತಟ್ಟೆ ಚುಂಯ್ ಎನ್ನುತ್ತಾ ಮೇಜಿಗೆ ಬಂತು. ಇದು ಎಮ್ಮೆಯದು ಎಂದು ವೇಟರ್ ನಾವು ಕೇಳುವ ಮೊದಲೇ ಹೇಳಿದ. ಮಹಾರಾಷ್ಟ್ರದಲ್ಲಿ ಗೋಹತ್ಯೆಗೆ 1976ರ ಕಾಯ್ದೆಯಲ್ಲೇ ನಿಷೇಧವಿತ್ತು. 1995ರಲ್ಲಿ ಶಾಸನಸಭೆ ಒಪ್ಪಿದ ತಿದ್ದುಪಡಿಗೆ 2015ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದು ಹೋರಿ, ಎತ್ತುಗಳೂ ಆ ಪಟ್ಟಿಗೆ ಸೇರಿದವು. ಎಮ್ಮೆ ಸೇರಲಿಲ್ಲ. ಧಾರವಾಡದವಳು ಪನೀರ್ ತರಿಸಿಕೊಂಡಿದ್ದಳು. ಊಟದ ನಡುವೆ ಪಕ್ಕದ ತಟ್ಟೆಯಿಂದ ಒಂದು ಸಣ್ಣ ತುಂಡನ್ನು ತಾನೇ ಎತ್ತಿ ಬಾಯಿಗಿಟ್ಟುಕೊಂಡಳು. ಯಾರೂ ಏನೂ ಅನ್ನಲಿಲ್ಲ. ಆದರೆ ಕುಂದಾಪುರದವನು ಸೆಲ್ಫಿಗೆಂದು ಫೋನ್ ಎತ್ತಿದ್ದೇ ತಡ, "ಫೋಟೋ ಮಾತ್ರ ಬ್ಯಾಡಪಾ" ಅಂದಳು. ಮುಖದಲ್ಲಿ ನಗು ಇರಲಿಲ್ಲ.

ಆ ಕ್ಷಣ ನನಗೆ ನೆನಪಾದದ್ದು ಪರಮಹಂಸ ಮಂಡಳಿ.

1849ರಲ್ಲಿ ಇದೇ ಮುಂಬಯಿಯಲ್ಲಿ ಕೆಲವು ಇಂಗ್ಲಿಷ್ ಕಲಿತ ಗೆಳೆಯರು ಗುಟ್ಟಾಗಿ ಒಂದು ಸಂಘ ಕಟ್ಟಿಕೊಂಡರು. ಅವರ ಹಿರಿಯ ದಾದೋಬಾ ಪಾಂಡುರಂಗ ತರ್ಖಡಕರ್. ಮರಾಠಿ ವ್ಯಾಕರಣ ಬರೆದು ಮರಾಠಿಯ ಪಾಣಿನಿ ಎನಿಸಿಕೊಂಡವರು. ಸಂಘಕ್ಕೆ ಸೇರಬೇಕಾದರೆ ಜಾತಿಭೇದ ಮಾಡುವುದಿಲ್ಲವೆಂದು ಒಪ್ಪಬೇಕಿತ್ತು. ಬರೀ ಬಾಯಿಮಾತು ಸಾಲುತ್ತಿರಲಿಲ್ಲ. ಕ್ರೈಸ್ತ ಬೇಕರಿಯವನು ಸುಟ್ಟ ಪಾವಿನ ಒಂದು ಚೂರನ್ನು ಎಲ್ಲರೆದುರು ತಿನ್ನಬೇಕಿತ್ತು. ಇಂದು ವಡಾಪಾವ್ ತಿನ್ನದೆ ಸ್ಟೇಷನ್ ದಾಟದ ನಮಗೆ ಇದು ತಮಾಷೆಯಾಗಿ ಕಾಣಬಹುದು. ಅಂದು ಆ ಪಾವು ಎಂದರೆ ಜಾತಿಯಿಂದ ಹೊರಗೆ, ಹೆಂಡತಿ ತವರಿಗೆ, ತಂಗಿಯ ಮದುವೆ ನಿಂತಂತೆ.

ಹನ್ನೊಂದು ವರ್ಷ ಹೀಗೆ ನಡೆಯಿತು. 1860ರಲ್ಲಿ ಸದಸ್ಯರ ಹೆಸರಿದ್ದ ಪಟ್ಟಿ ಕಳುವಾಗಿ ಗುಟ್ಟು ಹೊರಬಿತ್ತು. ಮಂಡಳಿ ಚದುರಿತು. ಯಾರೂ ಯಾರನ್ನೂ ಹೊಡೆಯಬೇಕಾಗಲಿಲ್ಲ, ಒಂದು ಕಾಗದ ಸಾಕಾಯಿತು. ಅಳಿದುಳಿದವರು 1867ರಲ್ಲಿ ಪ್ರಾರ್ಥನಾ ಸಮಾಜದಲ್ಲಿ ಸೇರಿಕೊಂಡರು. ಅದರ ಸ್ಥಾಪಕ ಆತ್ಮಾರಾಮ ಪಾಂಡುರಂಗ ದಾದೋಬಾ ಅವರ ತಮ್ಮನೇ.

ಪಟ್ಟಿಯ ಎರಡನೇ ಕಥೆಗೆ ನಮ್ಮ ಠಾಕುರ್ಲಿಯ ಪಕ್ಕದ ಸ್ಟೇಷನ್ನಿನ ನಂಟಿದೆ. ಕಲ್ಯಾಣದಲ್ಲಿ 1865ರಲ್ಲಿ ಹುಟ್ಟಿ, ಮುಂದೆ ಅಮೆರಿಕದಲ್ಲಿ ವೈದ್ಯಕೀಯ ಓದಿದ ಆನಂದಿಬಾಯಿ ಜೋಶಿಯ ಹೆಸರು ಕೇಳಿದ್ದೀರಿ. ಅವರ ಗಂಡ ಗೋಪಾಲರಾವ್ ಅಂಚೆ ಇಲಾಖೆಯ ಗುಮಾಸ್ತ. ಆನಂದಿಬಾಯಿ ತೀರಿಕೊಂಡ ಮೂರು ವರ್ಷದ ಮೇಲೆ, 1890ರ ಅಕ್ಟೋಬರ್‌ನಲ್ಲಿ, ಪುಣೆಯ ಪಂಚಹೌದ್ ಮಿಷನ್‌ನಲ್ಲಿ ಒಂದು ಸಭೆ ನಡೆಯಿತು. ಮುಗಿದ ಮೇಲೆ ಪಾದ್ರಿಗಳು ಚಹಾ, ಬಿಸ್ಕತ್ತು ಕೊಟ್ಟರು. ಕೆಲವರು ಕುಡಿದರು, ಕೆಲವರು ಕಪ್ಪು ಮುಟ್ಟಿ ಬಿಟ್ಟರು. ಅಲ್ಲಿದ್ದವರ ಹೆಸರುಗಳನ್ನೆಲ್ಲ ಗೋಪಾಲರಾವ್ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ! ಸುಧಾರಕರ ಬಂಡವಾಳ ನೋಡೋಣ ಎಂಬ ಕುಚೇಷ್ಟೆ. ಪಟ್ಟಿಯಲ್ಲಿ ತಿಲಕರಿದ್ದರು, ಮಹಾದೇವ ಗೋವಿಂದ ರಾನಡೆ ಇದ್ದರು. ಶಂಕರಾಚಾರ್ಯರವರೆಗೆ ದೂರು ಹೋಗಿ ವಿಚಾರಣೆ ನಡೆಯಿತು. ಕಾಶಿಯಲ್ಲಿ ಪ್ರಾಯಶ್ಚಿತ್ತ ಆಗಿದೆ ಎಂದರು ತಿಲಕರು. ರಾನಡೆ ಎರಡು ವರ್ಷ ತಡೆದರು. ಕೊನೆಗೆ 1892ರಲ್ಲಿ ತಾವೂ ಮಾಡಿಕೊಂಡರು. ಅವರನ್ನು ಹೇಡಿ ಎಂದವರಿದ್ದಾರೆ. ನನಗೆ ಹಾಗನ್ನಲು ಮನಸ್ಸು ಬಾರದು. ಜೊತೆಗಿದ್ದವರ ಮನೆಗಳಲ್ಲಿ ಮದುವೆ, ಶ್ರಾದ್ಧಗಳು ನಿಂತಿದ್ದಾಗ ನ್ಯಾಯಾಧೀಶರೊಬ್ಬರೇ ಸೆಟೆದು ನಿಲ್ಲುವುದು ಸುಲಭವಿರಲಿಲ್ಲ.

ಹಾಗೆಂದು ಗುಟ್ಟು ಬಿಟ್ಟು ಬೇರೆ ದಾರಿಯೇ ಇರಲಿಲ್ಲವೆಂದಲ್ಲ. ಅದೇ ಪುಣೆಯಲ್ಲಿ ಜ್ಯೋತಿಬಾ ಫುಲೆ 1868ರಲ್ಲಿ ತಮ್ಮ ಮನೆಯ ನೀರಿನ ಹೌದನ್ನು ಅಸ್ಪೃಶ್ಯರೆನಿಸಿಕೊಂಡವರಿಗೆ ಹಾಡಹಗಲೇ ತೆರೆದಿದ್ದರು. ಅಲ್ಲಿ ಕದಿಯಲು ಪಟ್ಟಿಯೇ ಇರಲಿಲ್ಲ.

ಇದನ್ನೆಲ್ಲ ನಾನು ಆ ಮೇಜಿನಲ್ಲೇ ಹೇಳಿದೆ. (ಊಟದ ನಡುವೆ ಪಾಠ ಮಾಡುತ್ತೀಯ ಎಂದು ಬೈಸಿಕೊಂಡೆ ಕೂಡ.) ಅಷ್ಟು ಹೊತ್ತು ಸುಮ್ಮನೆ ತಿನ್ನುತ್ತಿದ್ದ ಬೀದರಿನವನು ಆಗ ಬಾಯಿಬಿಟ್ಟ: "ನಿಮಗಿದು ಧೈರ್ಯದ ಕೆಲಸ. ನಮ್ಮ ಮನ್ಯಾಗ ಇದು ಬರೀ ಐತವಾರದ ಊಟ." ಆಫೀಸಿಗೆ ಡಬ್ಬಿಯಲ್ಲಿ ಎಂದಾದರೂ ಒಯ್ದಿದ್ದೀಯಾ ಎಂದು ಕೇಳಿದೆ. ಇಲ್ಲವೆಂದ. ಏಳು ವರ್ಷದಿಂದ ಕ್ಯಾಂಟೀನಿನಲ್ಲಿ ಇಡ್ಲಿ ತಿನ್ನುತ್ತಾನೆ. ಅವನು ಏನು ತಿನ್ನುವವನು ಎಂದು ನಾವು ಯಾರೂ ಅಂದಿನವರೆಗೆ ಕೇಳಿರಲಿಲ್ಲ. ಪಾರ್ಟಿ ಎಂದರೆ ಕೋಳಿ ಎಂದು ನಾವೇ ನಿರ್ಧರಿಸಿಬಿಡುತ್ತಿದ್ದೆವು, ಅವನೂ ಹೂಂ ಎನ್ನುತ್ತಿದ್ದ.

ಬಿಲ್ಲು ಬಂತು. ಕುಂದಾಪುರದವನು ಖಾಲಿ ತಟ್ಟೆಗಳ ಫೋಟೋ ತೆಗೆದು ತೋರಿಸಿದ. ಮುಖಗಳಿಲ್ಲ, ಒಂದು ಅಂಚಿನಲ್ಲಿ ಯಾರದೋ ಕೈಗಡಿಯಾರ ಮಾತ್ರ. ಧಾರವಾಡದವಳು ಫೋನ್ ಇಸಿದುಕೊಂಡು ಹಿಗ್ಗಿಸಿ ನೋಡಿದಳು. ಗಡಿಯಾರ ತನ್ನದಲ್ಲ ಎಂದು ಖಾತ್ರಿಯಾದ ಮೇಲೆ ವಾಪಸು ಕೊಟ್ಟಳು.

ಠಾಕುರ್ಲಿಯಲ್ಲಿ ಇಳಿದಾಗ ಹನ್ನೊಂದೂವರೆ. ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಅವಳು ಪರ್ಸಿನಿಂದ ಎರಡು ಏಲಕ್ಕಿ ತೆಗೆದಳು. ಒಂದನ್ನು ತಾನು ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ಬೀದರಿನವನ ಕಡೆ ಚಾಚಿದಳು. ತನಗೆ ಬೇಡ ಎಂದ ಅವನು. ಮನೆಯಲ್ಲಿ ಅವನೊಬ್ಬನೇ ಇರುವುದು.