ನಾಯಕನಿಗಿಂತ ಕಿರಿಯ ತಾಯಿ: ಖಡಕಲಾಟದ ಸುಲೋಚನಾ

ಕನ್ನಡದಲ್ಲಿ ‘ಪೋಷಕ’ ಎಂಬ ಮಾತಿಗೆ ಎರಡು ಬಳಕೆಗಳಿವೆ. ಶಾಲೆಯ ಪೋಷಕರ ಸಭೆಗೆ ಹೋಗುವವರು ತಂದೆ ತಾಯಿ. ಸಿನಿಮಾದ ಪೋಷಕ ನಟರೆಂದರೆ ಪೋಸ್ಟರಿನಲ್ಲಿ ಮುಖ ಚಿಕ್ಕದಾಗಿ ಬರುವವರು, ಎಷ್ಟೋ ಸಲ ಬಾರದೇ ಹೋಗುವವರು. ಈ ಎರಡೂ ಅರ್ಥಗಳು ಒಬ್ಬರ ಬದುಕಿನಲ್ಲೇ ಕೂಡಿಬಂದದ್ದನ್ನು ನೋಡಬೇಕಾದರೆ ಸುಲೋಚನಾ ಲಾಟ್ಕರ್ ಅವರ ಕಡೆ ತಿರುಗಬೇಕು. ದೂರದರ್ಶನದಲ್ಲಿ ವಾರಕ್ಕೊಂದು ಹಿಂದಿ ಸಿನಿಮಾ ಬರುತ್ತಿದ್ದ ಕಾಲದವರಿಗೆ ಅವರ ಮುಖ ಗೊತ್ತು, ಹೆಸರು ಗೊತ್ತಿಲ್ಲ. ಅವರು ನಮ್ಮ ರಾಜ್ಯದಲ್ಲಿ ಹುಟ್ಟಿದವರು ಎಂಬುದು ಇನ್ನೂ ಕಡಿಮೆ ಜನಕ್ಕೆ ಗೊತ್ತು.

ಇದೇ ಹೆಸರಿನ ಇನ್ನಿಬ್ಬರು ಇದ್ದರು. ಮೂಕಿ ಚಿತ್ರಗಳ ತಾರೆ ರೂಬಿ ಮೈಯರ್ಸ್ ತೆರೆಯ ಮೇಲೆ ‘ಸುಲೋಚನಾ’ ಆಗಿದ್ದರು. ಲಾವಣಿ ಹಾಡಿ ಹೆಸರಾದವರು ಸುಲೋಚನಾ ಚವ್ಹಾಣ್. ನಾವು ಮಾತಾಡುತ್ತಿರುವ ಸುಲೋಚನಾ ಮೂರನೆಯವರು. 1928ರ ಜುಲೈ 30ರಂದು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ಸೀಮೆಯ ಖಡಕಲಾಟದಲ್ಲಿ ಹುಟ್ಟಿದರು. ಅಡ್ಡಹೆಸರಿನಲ್ಲೂ ಆ ಊರಿನ ‘ಲಾಟ’ ಕೇಳಿಸುತ್ತದೆ.

ಖಡಕಲಾಟ ನಿಪ್ಪಾಣಿಗೆ ಹತ್ತಿರ. ಅಲ್ಲಿಂದ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ್ ಯಾವುದೂ ದೂರವಲ್ಲ. ಈ ಸೀಮೆಯ ಸಂತೆಗಳಲ್ಲಿ ಕನ್ನಡ, ಮರಾಠಿ ಎರಡೂ ನಡೆಯುತ್ತವೆ. ಸುಲೋಚನಾ ಹುಟ್ಟಿದಾಗ ಖಡಕಲಾಟ ಇದ್ದದ್ದು ಮುಂಬಯಿ ಪ್ರಾಂತ್ಯದಲ್ಲಿ. ಕೊಲ್ಹಾಪುರ ಆಗ ಛತ್ರಪತಿಗಳ ಸಂಸ್ಥಾನ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹುಟ್ಟಿದ ಊರು ಮೈಸೂರು ರಾಜ್ಯಕ್ಕೆ ಬಂತು, ಕೆಲಸ ಕಲಿಸಿದ ಊರು ಆಚೆ ಉಳಿಯಿತು. ಅಷ್ಟು ಹೊತ್ತಿಗೆ ಅವರು ಮರಾಠಿ ಚಿತ್ರಗಳಲ್ಲಿ ಮನೆಮಾತಾಗಿದ್ದರು.

ಕೊಲ್ಹಾಪುರವೇ ಏಕೆ? ಅಲ್ಲಿ ಸಿನಿಮಾ ಒಂದು ಸ್ಥಳೀಯ ಕಸುಬಾಗಿತ್ತು. ಬಾಬುರಾವ್ ಪೇಂಟರ್ ಅವರ ಮಹಾರಾಷ್ಟ್ರ ಫಿಲ್ಮ್ ಕಂಪನಿ 1920ರಲ್ಲಿ ‘ಸೈರಂಧ್ರಿ’ಯನ್ನು ತೆರೆಗೆ ತಂದಿತು. ಆ ಕಂಪನಿಯಲ್ಲಿ ಪಳಗಿದವರು 1929ರಲ್ಲಿ ಪ್ರಭಾತ್ ಫಿಲ್ಮ್ ಕಂಪನಿ ಕಟ್ಟಿದರು. ಪ್ರಭಾತ್ 1933ರಲ್ಲಿ ಪುಣೆಗೆ ಹೋಯಿತು, ಆದರೆ ಕಸುಬು ಊರು ಬಿಡಲಿಲ್ಲ. ಬಡಗಿ, ಬಣ್ಣದವರು, ಮೇಕಪ್ಪಿನವರು, ಕುದುರೆ ಸವಾರರು ಎಲ್ಲ ಅಲ್ಲೇ ಸಿಗುತ್ತಿದ್ದರು. ಸುತ್ತಲಿನ ಹಳ್ಳಿಗಳ ಬಡ ಮಕ್ಕಳಿಗೆ ಸ್ಟುಡಿಯೋ ಎಂದರೆ ತಿಂಗಳ ಸಂಬಳದ ಒಂದು ನೌಕರಿ.

ಸುಲೋಚನಾ 1943ರ ಸುಮಾರಿಗೆ ಮಾಸ್ಟರ್ ವಿನಾಯಕ್ ಅವರ ಪ್ರಫುಲ್ಲ ಪಿಕ್ಚರ್ಸ್ ಸೇರಿದ್ದು ಹಾಗೆಯೇ. ತಂದೆಯನ್ನು ಕಳೆದುಕೊಂಡಿದ್ದ ಹುಡುಗಿ ಲತಾ ಮಂಗೇಶ್ಕರ್ ಕೂಡ ಆಗ ಅದೇ ಕಂಪನಿಯಲ್ಲಿದ್ದರು. ಇಬ್ಬರ ಸ್ನೇಹ ಕೊನೆಯವರೆಗೂ ಉಳಿಯಿತು. ಕೆಲವೇ ವರ್ಷಗಳಲ್ಲಿ ವಿನಾಯಕ್ ಕಂಪನಿಯನ್ನು ಮುಂಬೈಗೆ ಒಯ್ದರು. ಸುಲೋಚನಾ ಕೊಲ್ಹಾಪುರದಲ್ಲೇ ಉಳಿದು ಭಾಲಜಿ ಪೆಂಢಾರ್ಕರ್ ಅವರ ಜಯಪ್ರಭಾ ಸ್ಟುಡಿಯೋ ಸೇರಿದರು. ಸುಲೋಚನಾ ಎಂಬ ಹೆಸರು ಇಟ್ಟವರು ಭಾಲಜಿಯೇ.

ಅವರ ಮಾತಿನಲ್ಲಿ ಹಳ್ಳಿಯ ಧಾಟಿ ಇತ್ತು, ಪೇಟೆಯವರು ನಗುತ್ತಿದ್ದರು. ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಇನ್ನೊಂದು ನುಡಿ ಕಲಿತು ಬೆಳೆದ ಕರಾವಳಿಯವರಿಗೆ ಈ ನಗು ಹೊಸತಲ್ಲ. ಭಾಲಜಿ ಅವರಿಗೆ ಓದು ಹಚ್ಚಿದರು, ಉಚ್ಚಾರ ತಿದ್ದಿದರು, ಕುದುರೆ ಸವಾರಿ ಮತ್ತು ಕತ್ತಿವರಸೆ ಕಲಿಸಿದರು. 1948ರಲ್ಲಿ ಗಾಂಧೀಜಿಯವರ ಹತ್ಯೆಯ ನಂತರದ ಗಲಭೆಯಲ್ಲಿ ಜಯಪ್ರಭಾ ಸುಟ್ಟುಹೋಯಿತು. ಭಾಲಜಿ ಅದನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದರು. 1949ರಲ್ಲಿ ಬಂದ ‘ಮೀಠ ಭಾಕರ್’, ಅಂದರೆ ಉಪ್ಪು ರೊಟ್ಟಿ, ಸುಲೋಚನಾ ಅವರಿಗೆ ಹೆಸರು ತಂದ ಚಿತ್ರಗಳಲ್ಲೊಂದು.

ಮರಾಠಿಯಲ್ಲಿ ಅವರು ಬದಿಯಲ್ಲಿ ನಿಲ್ಲುವ ಪಾತ್ರಧಾರಿಯಾಗಿರಲಿಲ್ಲ. 1953ರ ‘ವಹಿನೀಂಚ್ಯಾ ಬಾಂಗಡ್ಯಾ’ದಲ್ಲಿ ಮೈದುನನನ್ನು ಮಗನಂತೆ ಸಾಕುವ ಅತ್ತಿಗೆ. 1963ರ ‘ಮೋಲಕರೀಣ್’ನಲ್ಲಿ ಮಗನ ಮನೆಯಲ್ಲೇ ಕೆಲಸದವಳಾಗಿ ದುಡಿಯುವ ತಾಯಿ. 1964ರಲ್ಲಿ ಭಾಲಜಿಯವರ ‘ಮರಾಠಾ ತಿತುಕಾ ಮೇಳವಾವಾ’ದಲ್ಲಿ ಶಿವಾಜಿಯ ತಾಯಿ ಜೀಜಾಬಾಯಿ. 1968ರ ‘ಏಕಟಿ’ಯಲ್ಲಿ ಮಗನನ್ನು ಓದಿಸಿ ವಿದೇಶಕ್ಕೆ ಕಳಿಸಿ ಒಬ್ಬಳೇ ಉಳಿಯುವ ಹೆಂಗಸು. ಮಗನನ್ನು ಗಲ್ಫಿಗೆ ಕಳಿಸಿ ಫೋನಿಗಾಗಿ ಕಾದ ನಮ್ಮ ಮನೆಗಳ ಉಮ್ಮಂದಿರಿಗೆ ಈ ಕಥೆಯನ್ನು ಯಾರೂ ವಿವರಿಸಬೇಕಾಗಿಲ್ಲ. ಈ ಚಿತ್ರಗಳಲ್ಲಿ ಕಥೆಯ ನಡುಮನೆಯೇ ತಾಯಿ. ಉಳಿದವರು ಅವಳ ಸುತ್ತ ಓಡಾಡುತ್ತಾರೆ.

ಮುಂಬೈಯ ಹಿಂದಿ ಸಿನಿಮಾಕ್ಕೆ ಹೋದಾಗ ಲೆಕ್ಕ ಬದಲಾಯಿತು. 1959ರಲ್ಲಿ ಬಿಮಲ್ ರಾಯ್ ಅವರ ‘ಸುಜಾತಾ’ ಬಂತು. ಅದರಲ್ಲಿ ಸುಲೋಚನಾ ಅವರ ಮಗಳಾಗಿ ಕಾಣಿಸಿಕೊಂಡ ಶಶಿಕಲಾ ಅವರಿಗಿಂತ ನಾಲ್ಕೇ ವರ್ಷ ಚಿಕ್ಕವರು. ಅದೇ ವರ್ಷ ‘ದಿಲ್ ದೇಕೆ ದೇಖೋ’ದಲ್ಲಿ ಶಮ್ಮಿ ಕಪೂರ್ ಅವರಿಗೆ ತಾಯಿ. ಶಮ್ಮಿ ಹುಟ್ಟಿದ್ದು 1931ರಲ್ಲಿ, ಅಂದರೆ ತಾಯಿಗೂ ಮಗನಿಗೂ ಮೂರು ವರ್ಷದ ಅಂತರ. 1970ರ ‘ಜಾನಿ ಮೇರಾ ನಾಮ್’ನಲ್ಲಿ ಲೆಕ್ಕವೇ ತಿರುಗುಮುರುಗು. ಅಲ್ಲಿ ತಾಯಿಗೆ 42, ಕಿರಿಯ ಮಗ ದೇವ್ ಆನಂದ್‌ಗೆ 47, ಹಿರಿಯ ಮಗ ಪ್ರಾಣ್‌ಗೆ 50. ಆ 47ರ ದೇವ್ ಆನಂದ್ ಎದುರು ನಾಯಕಿಯಾಗಿದ್ದ ಹೇಮಾಮಾಲಿನಿಗೆ 22.

ಇದನ್ನು ನಕ್ಕು ಬಿಡುವುದು ಸುಲಭ. ಆದರೆ ಇದು ಒಂದು ಉದ್ಯೋಗದ ನಿಯಮ. ಗಂಡಸಿಗೆ 50ರವರೆಗೂ ನಾಯಕನಾಗುವ ಅವಕಾಶವಿತ್ತು, ಹೆಂಗಸು 30 ದಾಟಿದರೆ ಕೂದಲಿಗೆ ಬಿಳಿ ಹಚ್ಚಬೇಕಿತ್ತು. ಸುಲೋಚನಾ ಒಬ್ಬರೇ ಅಲ್ಲ. ಧಾರವಾಡದಲ್ಲಿ ಹುಟ್ಟಿದ ಲೀಲಾ ಚಿಟ್ನಿಸ್ 1939ರ ‘ಕಂಗನ್’ನಲ್ಲಿ ಅಶೋಕ್ ಕುಮಾರ್ ಅವರ ನಾಯಕಿ, 1948ರ ‘ಶಹೀದ್’ನಲ್ಲಿ ದಿಲೀಪ್ ಕುಮಾರ್ ಅವರ ತಾಯಿ. ನಮ್ಮ ಕರಾವಳಿಯ ಭಟ್ಕಳದಲ್ಲಿ ಹುಟ್ಟಿದ ಪಂಢರಿಬಾಯಿ 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರ್ ಅವರ ನಾಯಕಿ, ಮುಂದೆ ಅದೇ ರಾಜಕುಮಾರ್ ಅವರಿಗೆ ತಾಯಿ.

ಆದರೂ ಸಿಕ್ಕ ಸ್ವಲ್ಪ ಜಾಗದಲ್ಲಿ ಸುಲೋಚನಾ ಏನು ಮಾಡುತ್ತಿದ್ದರು ಎಂಬುದಕ್ಕೆ ‘ಸುಜಾತಾ’ವನ್ನು ಇನ್ನೊಮ್ಮೆ ನೋಡಬೇಕು. ಅಲ್ಲಿ ಅವರು ಚಾರು, ಬ್ರಾಹ್ಮಣ ಎಂಜಿನಿಯರನ ಹೆಂಡತಿ. ಕಾಲರಾದಲ್ಲಿ ತಂದೆ ತಾಯಿ ಸತ್ತ ಅಸ್ಪೃಶ್ಯ ಕೂಸು ಅವರ ಮನೆಯಲ್ಲಿ ಬೆಳೆಯುತ್ತದೆ. ಚಾರು ಆ ಹುಡುಗಿಯನ್ನು ಹೊಡೆಯುವುದಿಲ್ಲ, ಹಸಿವಿನಲ್ಲಿ ಇಡುವುದಿಲ್ಲ. ಆದರೆ ಬಂದವರ ಮುಂದೆ ‘ಮಗಳು’ ಎನ್ನುವುದಿಲ್ಲ, ‘ಮಗಳಿದ್ದಂತೆ’ ಎನ್ನುತ್ತಾಳೆ. ಜಾತಿಯ ಗೋಡೆ ಇಡೀ ಚಿತ್ರದಲ್ಲಿ ನಿಂತಿರುವುದು ಈ ‘ಇದ್ದಂತೆ’ಯ ಮೇಲೆ. ಆ ಪಾತ್ರವನ್ನು ಕೆಟ್ಟ ಮಲತಾಯಿಯ ಹಾಗೆ ಆಡಿದ್ದರೆ ನಾವು ಅವಳನ್ನು ಬೈದು ಎದ್ದು ಹೋಗುತ್ತಿದ್ದೆವು. ಸುಲೋಚನಾ ಅವಳನ್ನು ಪಕ್ಕದ ಮನೆಯ ಒಳ್ಳೆಯ ಹೆಂಗಸಿನ ಹಾಗೆ ಆಡಿದರು. ಆದ್ದರಿಂದ ನೋಡುವವರಿಗೆ ತಪ್ಪಿಸಿಕೊಳ್ಳಲು ದಾರಿ ಉಳಿಯುವುದಿಲ್ಲ. ಕೊನೆಗೆ ಚಾರು ಬಿದ್ದು ರಕ್ತ ಬೇಕಾದಾಗ ಹೊಂದುವುದು ಆ ಸಾಕುಮಗಳ ರಕ್ತವೇ. ನೂತನ್ ಅವರ ಅಭಿನಯವನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಲೇಬೇಕು. ಆದರೆ ಎದುರಿಗೆ ಈ ಚಾರು ಇಲ್ಲದಿದ್ದರೆ ಸುಜಾತಾಳ ನೋವು ಯಾವುದಕ್ಕೆ ತಾಗಿ ಹುಟ್ಟಬೇಕು?

ಆದ್ದರಿಂದ ‘ಪೋಷಕ ನಟಿ’ ಎಂಬುದು ಪ್ರತಿಭೆಯ ಅಳತೆಯಲ್ಲ, ಕ್ಯಾಮೆರಾ ಎಲ್ಲಿ ನಿಂತಿದೆ ಎಂಬುದರ ಲೆಕ್ಕ. ಒಂದೇ ದಶಕದಲ್ಲಿ, ಒಂದೇ ಹೆಂಗಸು, ಒಂದೇ ತಾಯಿಯ ಪಾತ್ರ. ಮರಾಠಿಯಲ್ಲಿ ಅದು ಕಥೆಯೇ ಆಗಿತ್ತು, ಹಿಂದಿಯಲ್ಲಿ ಕಥೆಗೆ ಆಸರೆ. ಕೊಲ್ಹಾಪುರದ ಸ್ಟುಡಿಯೋದಲ್ಲಿ ಕಲಿತ ವಿದ್ಯೆ ಎರಡೂ ಕಡೆ ಒಂದೇ ಇತ್ತು.

ಗೌರವಗಳು ತಡವಾಗಿ ಬಂದವು. 1999ರಲ್ಲಿ ಪದ್ಮಶ್ರೀ, 2004ರಲ್ಲಿ ಫಿಲ್ಮ್‌ಫೇರ್ ಜೀವಮಾನ ಸಾಧನೆ ಪ್ರಶಸ್ತಿ, ಆಮೇಲೆ ಮಹಾರಾಷ್ಟ್ರ ಭೂಷಣ. ತೆರೆಯ ಮೇಲೆ ನೂರಾರು ಸಲ ತಾಯಿಯಾದವರನ್ನು ಚಿತ್ರರಂಗದವರು ಕರೆಯುತ್ತಿದ್ದದ್ದು ‘ದೀದಿ’ ಎಂದು. 2023ರ ಜೂನ್ 4ರಂದು, 94ನೆಯ ವಯಸ್ಸಿನಲ್ಲಿ ಅವರು ಮುಂಬೈಯಲ್ಲಿ ತೀರಿಕೊಂಡರು.

ಗಡಿಯ ವಿಷಯ ಬಂದಾಗ ಯಾವ ಊರು ಯಾರದ್ದು ಎಂದು ನಾವು ತುಂಬ ಜಗಳವಾಡಿದ್ದೇವೆ. ಖಡಕಲಾಟದಲ್ಲಿ ಹುಟ್ಟಿ ಮರಾಠಿಯಲ್ಲಿ ಬೆಳಗಿದ ಈ ಹೆಂಗಸನ್ನು ‘ನಮ್ಮವರು’ ಎಂದು ಕಸಿದುಕೊಳ್ಳುವ ಅಗತ್ಯವಿಲ್ಲ, ಆಚೆಯವರೆಂದು ಮರೆಯುವ ಅಗತ್ಯವೂ ಇಲ್ಲ. ಹಳೆಯ ಹಿಂದಿ ಸಿನಿಮಾ ಹಾಕಿದಾಗ ಆರಂಭದ ಹೆಸರುಗಳನ್ನು ಓಡಿಸಿಬಿಡಬೇಡಿ. ನಾಯಕ, ನಾಯಕಿ ಆದಮೇಲೆ ನಾಲ್ಕನೆಯದೋ ಐದನೆಯದೋ ಸಾಲಿನಲ್ಲಿ ‘ಸುಲೋಚನಾ’ ಎಂದು ಬರುತ್ತದೆ. ಚಿತ್ರ 1950ರ ನಂತರದ್ದಾಗಿ, ಪಾತ್ರ ತಾಯಿಯದ್ದಾಗಿದ್ದರೆ, ಅದು ಚಿಕ್ಕೋಡಿ ಸೀಮೆಯ ಈ ಹೆಣ್ಣುಮಗಳೇ ಇರಬಹುದು. ಅವರು ಬಂದಾಗ ನಾಯಕನ ಮುಖ ಬಿಟ್ಟು ತಾಯಿಯ ಮುಖ ನೋಡಿ.